ಪೈಲಟ್ ತಾತನ ಕಾರು

"ಈ ಭಾನುವಾರ ಒಂದೇ ಒಂದು ಎಡವಟ್ಟಾಗಲಿ, ನನ್ನ ಹೆಸರು ಬದಲಾಯಿಸಿಬಿಡು!"

ಬೆಳ್ಳಂಬೆಳಿಗ್ಗೆ ಹೆಂಡತಿಯ ಮನೆ ಬಾಗಿಲಲ್ಲಿ ನಿಂತು ದಲ್ಲಾಳಿ ಹೀಗೆ ಘೋಷಿಸಿದ. ಹೆಂಡತಿಯ ಮನೆ ಎಂದರೆ ಅವನ ಮನೆಯಲ್ಲ. ಇಬ್ಬರೂ ಬೇರೆಯಾಗಿ ಕೆಲವು ವರ್ಷಗಳೇ ಆಗಿದ್ದವು. ಊರಿನ ಅರ್ಧ ಜನಕ್ಕೆ ಬಾಡಿಗೆ ಮನೆ ಹುಡುಕಿಕೊಟ್ಟ ಈ ಮಹಾಶಯ ತಾನು ಮಾತ್ರ ಲಾಂಡ್ರಿ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿದ್ದ. ಕೇಳಿದವರಿಗೆ "ಇಸ್ತ್ರಿ ಪೆಟ್ಟಿಗೆಯ ಬಿಸಿಗೆ ಚಳಿಗಾಲದಲ್ಲೂ ನೆಲ ಬೆಚ್ಚಗಿರುತ್ತೆ ಗೊತ್ತಾ!" ಎಂದು ಕೊಚ್ಚಿಕೊಳ್ಳುತ್ತಿದ್ದ. ಉಳಿದ ಕಾಲದಲ್ಲಿ ಏನಾಗುತ್ತದೆ ಎಂದು ಮಾತ್ರ ಹೇಳುತ್ತಿರಲಿಲ್ಲ.

"ಹೆಸರು ಬದಲಾಯಿಸೋದು ಬೇಡ," ಎಂದಳು ಹೆಂಡತಿ, ಔಷಧಿ ಅಂಗಡಿಯ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲೇ. "ಆಡಿದ ಮಾತು ಬದಲಾಯಿಸದಿದ್ರೆ ಸಾಕು. ವಿಮಾನ ಪ್ರದರ್ಶನದಲ್ಲಿ ಮಗಳನ್ನ ಪೈಲಟ್ ಸೀಟಲ್ಲಿ ಕೂರಿಸ್ತೀನಿ ಅಂದಿದ್ದೀರ. ಕೂರಿಸಿ. ಅಷ್ಟೇ."

"ಕೂರಿಸೋದೇನು, ಬಿಟ್ರೆ ಹಾರಿಸ್ಕೊಂಡೇ ಬರ್ತೀನಿ!"

"ಅದೇ ನನ್ನ ಭಯ," ಎಂದು ಅವಳು ಬಾಗಿಲು ಹಾಕಿಕೊಂಡಳು.

ದಲ್ಲಾಳಿಯ ಈ ಅಬ್ಬರಕ್ಕೆ ಕಾರಣವಿತ್ತು. ತಿಂಗಳಿಗೆ ಎರಡು ಭಾನುವಾರ ಮಗಳು ಅಪ್ಪನ ಜೊತೆ, ಹನ್ನೆರಡು ತುಂಬಿದ ಮೇಲೆ ಬರುವುದೂ ಬಿಡುವುದೂ ಅವಳಿಷ್ಟ ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದರು. ಮೊನ್ನೆ ಮಗಳಿಗೆ ಹನ್ನೆರಡು ತುಂಬಿತ್ತು. ಇವತ್ತು ಸಂಜೆ ಅಮ್ಮ ಕೇಳುತ್ತಾಳೆ, "ಮುಂದಿನ ಸಲ ಹೋಗ್ತೀಯಾ?" ಆ ಪ್ರಶ್ನೆ ನೆನೆದೇ ದಲ್ಲಾಳಿಗೆ ವಾರವಿಡೀ ಊಟ ಸೇರಿರಲಿಲ್ಲ. ಯಾರೂ ತಗೊಳ್ಳದ ಮನೆಗೆ ಗಿರಾಕಿ ಹಿಡಿದ ಗಟ್ಟಿಗನಿಗೆ ಸ್ವಂತ ಮಗಳನ್ನು ಒಪ್ಪಿಸುವ ಕೆಲಸ ಬಂದಿತ್ತು.

ಅಪ್ಪ ಮಗಳು ಕಾರು ಹತ್ತಿದರು. ಅದು ಮಾವನ ಕಾರು. ಹಾಸಿಗೆ ಅಂಗಡಿ ಇಟ್ಟಿದ್ದ ಮಾವ ಜೀವಮಾನವಿಡೀ ದಿಂಬು ಹೇರಿಕೊಂಡು ಓಡಾಡಿದ ಕಾರು. ಬೇರೆಯಾಗುವಾಗ ಹೆಂಡತಿ "ಮಗಳು ನನಗಿರಲಿ, ಕಾರು ನೀವಿಟ್ಕೊಳ್ಳಿ" ಅಂದಿದ್ದಳು. ಯಾರಿಗೆ ಲಾಭವಾಯಿತೆಂದು ಪ್ರತಿಸಲ ಕಾರು ಸ್ಟಾರ್ಟ್ ಮಾಡುವಾಗಲೂ ದಲ್ಲಾಳಿಗೆ ಗೊತ್ತಾಗುತ್ತಿತ್ತು.

ಹೆದ್ದಾರಿಯುದ್ದಕ್ಕೂ ಮಗಳ ಬಾಯಿಗೆ ಬಿಡುವಿಲ್ಲ. ಪ್ರದರ್ಶನದಲ್ಲಿ ಹಾರಲಿದ್ದ ಎರಡು ಜೊತೆ ರೆಕ್ಕೆಯ ಹಳೇ ವಿಮಾನವನ್ನು ಅವಳು ರಟ್ಟಿನಲ್ಲಿ ಮಾಡಿದ್ದಳು. ತಂತಿಗಳನ್ನು ಹೊಲಿಗೆ ದಾರದಿಂದ ಕಟ್ಟಿದ್ದಳು. ಗೊತ್ತಿಲ್ಲದ್ದು ಒಂದೇ.

"ಪೈಲಟ್ ಸೀಟಿನ ಎಡಗಡೆ ಒಂದು ಕೆಂಪು ಹಿಡಿ ಇದೆ ಅಪ್ಪ. ಅದು ಯಾಕೆ ಅಂತ ಎಲ್ಲೂ ಬರೆದಿಲ್ಲ. ಅಲ್ಲಿರೋರನ್ನೇ ಕೇಳ್ಬೇಕು."

"ಕೇಳೋಣ ಮರಿ! ಹಿಡಿ ಏನು, ಇಡೀ ವಿಮಾನದ ಜಾತಕಾನೇ ಕೇಳೋಣ!"

ಪ್ರದರ್ಶನದ ಮೈದಾನ ಬಂತು. ಗೇಟಿನ ಮುಂದೆ ಕಾರುಗಳ ಸಾಲು ಹನುಮಂತನ ಬಾಲ! ಪಕ್ಕದಲ್ಲೇ ಇನ್ನೊಂದು ದಾರಿ ಖಾಲಿ ಹೊಡೆಯುತ್ತಿತ್ತು. "ಪ್ರದರ್ಶನಕ್ಕಿಡುವ ಹಳೆಯ ವಾಹನಗಳಿಗೆ ಮಾತ್ರ" ಎಂಬ ಬೋರ್ಡು. ವಿಮಾನಗಳ ಜೊತೆ ಹಳೇ ಕಾರುಗಳನ್ನೂ ಸಾಲಾಗಿ ನಿಲ್ಲಿಸುತ್ತಿದ್ದರು. ದಲ್ಲಾಳಿ ಸ್ಟಿಯರಿಂಗ್ ತಿರುಗಿಸಿಯೇಬಿಟ್ಟ.

"ಅಪ್ಪ, ಅದು ನಮಗಲ್ಲ."

"ಕಾರು ಹಳೇದು ತಾನೇ? ಒಳಗೆ ಹೋಗಿ ಸುಮ್ನೆ ಒಂದು ಮೂಲೇಲಿ ನಿಲ್ಲಿಸಿದ್ರಾಯ್ತು."

ಕಾವಲಿನವನು ಕಾರನ್ನು ಮೇಲಿಂದ ಕೆಳಗೆ ನೋಡಿದ. "ಇದರ ವಿಶೇಷ ಏನು ಸಾರ್?"

'ಏನೂ ಇಲ್ಲ' ಎಂಬ ಎರಡು ಪದ ದಲ್ಲಾಳಿಯ ನಾಲಿಗೆಗೆ ಹುಟ್ಟಿದಾಗಿನಿಂದ ಬಂದದ್ದೇ ಇಲ್ಲ. "ಇದು ಪೈಲಟ್ ಒಬ್ಬರ ಕಾರು. ನಮ್ಮ ಮಾವ! ದಿನಾ ಇದ್ರಲ್ಲೇ ವಿಮಾನ ಹಾರಿಸೋಕೆ ಹೋಗ್ತಿದ್ರು. ಹಿಂದಿನ ಸೀಟಲ್ಲಿ ಕಂದು ಕಲೆ ಇದೆ ನೋಡಿ, ವಿಮಾನದ ಎಣ್ಣೆ. ಎಷ್ಟು ತೊಳೆದ್ರೂ ಹೋಗ್ಲಿಲ್ಲ."

ಕಾವಲಿನವನು ಸೆಲ್ಯೂಟ್ ಹೊಡೆದು ಒಳಗೆ ಬಿಟ್ಟ.

"ಅದು ನಾನು ವಾಂತಿ ಮಾಡಿದ್ದು," ಎಂದಳು ಮಗಳು.

"ನಂಬಿದ ನೋಡಿದ್ಯಾ?" ದಲ್ಲಾಳಿ ಉಬ್ಬಿಹೋಗಿದ್ದ. "ಒಂದು ಗುಟ್ಟು ಹೇಳ್ತೀನಿ ಕೇಳು. ಬರೀ ಸುಳ್ಳು ಹೇಳಿದ್ರೆ ಯಾರೂ ನಂಬಲ್ಲ. ಜೊತೆಗೆ ಒಂದು ಸಣ್ಣ ವಿವರ ಸೇರಿಸ್ಬೇಕು. ಬಣ್ಣ, ವಾಸನೆ, ಏನಾದ್ರೂ. 'ಮನೆಗೆ ಗಾಳಿ ಚೆನ್ನಾಗಿ ಬರುತ್ತೆ' ಅಂದ್ರೆ ಗಿರಾಕಿ ಮೂಗು ಮುರೀತಾನೆ. 'ಹಳೇ ಬಾಡಿಗೆಯವರು ನೀಲಿ ಪರದೆ ಹಾಕಿದ್ರು, ಹಾರ್ತಾನೇ ಇರ್ತಿತ್ತು' ಅಂದ್ರೆ ಅಲ್ಲೇ ಅಡ್ವಾನ್ಸ್ ತೆಗೀತಾನೆ!"

ಮಗಳು ಕೇಳಿಸಿಕೊಂಡಳು. ಚುರುಕು ಹುಡುಗಿ, ಒಂದು ಸಲ ಹೇಳಿದರೆ ಸಾಕು.

ಮೂಲೆಯಲ್ಲಿ ನಿಲ್ಲಿಸಿ ಜಾರಿಕೊಳ್ಳುವ ಯೋಜನೆ ಮಾತ್ರ ನೆಲ ಕಚ್ಚಿತು. ಕೈಗೆ ಪಟ್ಟಿ ಕಟ್ಟಿಕೊಂಡ ಸ್ವಯಂಸೇವಕನೊಬ್ಬ ಕಾರನ್ನು ನಡುಮಧ್ಯಕ್ಕೆ ತರಿಸಿ ಸುತ್ತ ಹಗ್ಗ ಕಟ್ಟಿದ. "ತೀರ್ಪುಗಾರರು ಬಂದು ನೋಡೋವರೆಗೂ ಯಜಮಾನರು ಕದಲೋ ಹಾಗಿಲ್ಲ. ಬಾನೆಟ್ ತೆಗೆದಿಡಿ, ಜನ ಇಂಜಿನ್ ನೋಡ್ಬೇಕು."

ಬಾನೆಟ್ಟಿಗೆ ಆಸರೆ ಕೊಡುವ ಕಂಬಿ ಮುರಿದು ಎಷ್ಟೋ ಕಾಲವಾಗಿತ್ತು. "ಮರಿ, ಒಂದೈದು ನಿಮಿಷ ಹಿಡ್ಕೋ," ಎಂದ ದಲ್ಲಾಳಿ. ಮಗಳು ಎರಡೂ ಕೈ ಎತ್ತಿ ಬಾನೆಟ್ಟು ಹೊತ್ತು ನಿಂತಳು.

ಜನ ಸೇರಿದರು. ಜನ ಸೇರಿದ್ದನ್ನು ಕಂಡರೆ ದಲ್ಲಾಳಿಗೆ ಮೈಮೇಲೆ ಬರುತ್ತದೆ! ಮೊದಲ ಗುಂಪಿಗೆ ಮಾವ ಬರೀ ಪೈಲಟ್. ಎರಡನೆಯ ಗುಂಪಿಗೆ ಬಿರುಗಾಳಿಯಲ್ಲಿ ವಿಮಾನ ಇಳಿಸಿದ ಪೈಲಟ್. ಮೂರನೆಯದಕ್ಕೆ ಒಂದೇ ರೆಕ್ಕೆಯಲ್ಲಿ ಇಳಿಸಿದ! ಪಾಪ, ನಿಜವಾದ ಮಾವ ಬಲ್ಬು ಹಾಕಲು ಸ್ಟೂಲು ಹತ್ತಿದರೂ "ಹಿಡ್ಕೊಳ್ರೋ" ಎಂದು ಕಿರುಚುತ್ತಿದ್ದವರು. ಸತ್ತ ಮೇಲೆ ಅಳಿಯ ಅವರನ್ನು ಮೋಡಕ್ಕೇ ಏರಿಸಿಬಿಟ್ಟ.

ಅಷ್ಟರಲ್ಲಿ ಮೈದಾನದ ಆ ಬದಿಯಲ್ಲಿ ಗುಡುಗಿದಂಥ ಸದ್ದಾಯಿತು.

"ಅಪ್ಪ! ಹಾರ್ತಿದೆ! ಎರಡು ಜೊತೆ ರೆಕ್ಕೇದು!"

"ಎರಡೇ ನಿಮಿಷ ಮರಿ. ಈಗ ಕೈ ಬಿಟ್ರೆ ಈ ಸಾಹೇಬ್ರ ತಲೆ ಮೇಲೆ ಬೀಳುತ್ತೆ."

ಎಲ್ಲರೂ ತಲೆಯೆತ್ತಿ ಆಕಾಶ ನೋಡಿದರು. ಮಗಳೂ ತಲೆಯೆತ್ತಿದಳು. ಅವಳಿಗೆ ಕಂಡದ್ದು ಬಾನೆಟ್ಟಿನ ಒಳಮೈಯ ತುಕ್ಕು. ವಿಮಾನ ಅವಳ ತಲೆಯ ಮೇಲೇ ಎರಡು ಸುತ್ತು ಹೊಡೆಯಿತು, ಸದ್ದು ಕೇಳಿಸಿತು, ನೆರಳು ಕೂಡ ಹಾದುಹೋಯಿತು. ಆಮೇಲೆ ಇಳಿದುಬಿಟ್ಟಿತು. ಅವಳು ಬಾನೆಟ್ಟಿನ ಭಾರವನ್ನು ಹೆಗಲಿಗೆ ಬದಲಿಸಿಕೊಂಡಳು. ಅದು ದಲ್ಲಾಳಿಯ ಕಣ್ಣಿಗೂ ಬಿತ್ತು. ಆದರೆ ಯಾರೋ "ಆಮೇಲೇನಾಯ್ತು?" ಎಂದರು, ದಲ್ಲಾಳಿ ಆಮೇಲೇನಾಯಿತೆಂದು ಹೇಳತೊಡಗಿದ.

ಸುದ್ದಿ ಬಾಯಿಂದ ಬಾಯಿಗೆ ಹಬ್ಬಿ ಆಯೋಜಕರ ಕಿವಿಗೆ ಬಿತ್ತು. ಬಿಳಿ ಮೀಸೆಯ ನಿವೃತ್ತ ಪೈಲಟ್ ಒಬ್ಬರು ಮೈಕು ಹಿಡಿದು ಬಂದೇಬಂದರು. "ಎಲ್ಲಿ ಆ ಮೊಮ್ಮಗಳು? ಬಾಮ್ಮ! ಪೈಲಟ್ ವಂಶದ ಕುಡಿ ಇವತ್ತು ನಮ್ಮ ವಿಮಾನದಲ್ಲಿ ಕೂರ್ಬೇಕು. ಅದಕ್ಕೆ ಮುಂಚೆ ತಾತನ ಬಗ್ಗೆ ಒಂದು ಮಾತು ಹೇಳಮ್ಮ!"

ಸ್ವಯಂಸೇವಕ ಬಾನೆಟ್ಟು ಹಿಡಿದುಕೊಂಡ. ಮಗಳು ಅಪ್ಪನ ಮುಖ ನೋಡಿದಳು. ದಲ್ಲಾಳಿ 'ಮಾನ ಉಳಿಸು ತಾಯಿ' ಎಂದು ಕಣ್ಣಲ್ಲೇ ಕೈಮುಗಿದ.

ಮಗಳು ಗದ್ದ ಸ್ವಲ್ಪ ಮೇಲೆತ್ತಿದಳು. ತಣ್ಣಗೆ ನಕ್ಕಳು.

"ಹಾರೋಕೆ ಹೋಗೋ ಮುಂಚೆ ತಾತ ನಂಗೊಂದು ಪೆಪ್ಪರಮೆಂಟು ಕೊಡ್ತಿದ್ರು. 'ಇದು ಕರಗೋದ್ರೊಳಗೆ ಇಳಿದು ಬರ್ತೀನಿ' ಅಂತಿದ್ರು." ಒಂದು ಗಳಿಗೆ ತಡೆದು ಸೇರಿಸಿದಳು, "ಹಸಿರು ಕಾಗದದ ಪೆಪ್ಪರಮೆಂಟು."

ಚಪ್ಪಾಳೆಯೋ ಚಪ್ಪಾಳೆ! ಬಿಳಿ ಮೀಸೆಯವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ದಲ್ಲಾಳಿಯ ಎದೆ ಅಂಗಿಯ ಗುಂಡಿ ಕಿತ್ತುಹೋಗುವಷ್ಟು ಉಬ್ಬಿತು. ಹಸಿರಂತೆ! ಕಲಿಸಿದ್ದನ್ನು ಮಧ್ಯಾಹ್ನದೊಳಗೆ ಕರಗತ ಮಾಡಿಕೊಂಡ ಶಿಷ್ಯೆ!

ಮಗಳನ್ನು ಪೈಲಟ್ ಸೀಟಲ್ಲಿ ಕೂರಿಸಿದರು. ಎಡಗಡೆ ಕೆಂಪು ಹಿಡಿ ಇತ್ತು. ಅವಳು ಅದನ್ನು ಬೆರಳ ತುದಿಯಿಂದ ಮುಟ್ಟಿ, ಬಾಯಿ ತೆರೆದಳು.

"ನಿಂಗೆ ನಾನೇನಮ್ಮ ಹೇಳಿಕೊಡ್ಲಿ?" ಎಂದು ನಕ್ಕರು ಬಿಳಿ ಮೀಸೆಯವರು. "ಇದೆಲ್ಲ ತಾತ ತೊಟ್ಟಿಲಲ್ಲೇ ಹೇಳಿರ್ತಾರೆ. ಅಲ್ವಾ?"

ಮಗಳು ಬಾಯಿ ಮುಚ್ಚಿದಳು. ಹೌದೆಂದು ತಲೆಯಾಡಿಸಿದಳು. ಫೋಟೊ ತೆಗೆದರು, ಇಳಿಸಿದರು. ಫೋಟೊದಲ್ಲಿ ಅರ್ಧಕ್ಕರ್ಧ ದಲ್ಲಾಳಿಯ ಹೆಗಲೇ ಬಂದಿತ್ತು.

ಸಾಲದ್ದಕ್ಕೆ ಕಾರಿಗೆ ಬಹುಮಾನ ಬೇರೆ! "ಅತ್ಯುತ್ತಮವಾಗಿ ಕಾಪಾಡಿಕೊಂಡು ಬಂದದ್ದಕ್ಕೆ" ಎಂದು ಕೆತ್ತಿದ ಬೆಳ್ಳಿ ಬಣ್ಣದ ಟ್ರೋಫಿ ಕಪ್ಪು. ವಾಪಸು ಬರುವಾಗ ದಲ್ಲಾಳಿ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಗೇರು ಹಾಕಿದ.

"ಹೆಂಗಿತ್ತು ಮರಿ? ಕೂರಿಸಿದ್ನೋ ಇಲ್ವೋ? ಅಂದ ಹಾಗೆ ಆ ಕೆಂಪು ಹಿಡಿ ಯಾಕಂತೆ?"

"ಕೇಳ್ಲಿಲ್ಲ."

"ಅಯ್ಯೋ, ಯಾಕೆ?"

"ಪೈಲಟ್ ಮೊಮ್ಮಗಳಿಗೆ ಗೊತ್ತಿರ್ಬೇಕಲ್ಲಪ್ಪ."

ಮಾತಿನ ಮಲ್ಲ ದಲ್ಲಾಳಿ ಗೇರು ಬದಲಾಯಿಸಿದ. ಉಳಿದ ದಾರಿಯಲ್ಲಿ ಮಗಳು ಕಿಟಕಿಯಾಚೆ ನೋಡುತ್ತಿದ್ದಳು. ಕಾರಿನಲ್ಲಿ ಗಲಗಲ ಎನ್ನುತ್ತಿದ್ದದ್ದು ಕಪ್ಪು ಒಂದೇ.

ಬಾಗಿಲು ತೆಗೆದ ಹೆಂಡತಿ ಮೊದಲು ಕಪ್ಪಿನ ಮೇಲಿನ ಅಕ್ಷರ ಓದಿದಳು. "ಏನನ್ನ ಕಾಪಾಡಿಕೊಂಡು ಬಂದ್ರಂತೆ ನೀವು?"

"ಕಾರು," ಎಂದ ದಲ್ಲಾಳಿ, ಸಣ್ಣ ದನಿಯಲ್ಲಿ.

"ಹೌದು, ಅದೊಂದನ್ನೇ." ಅವಳು ಮಗಳ ಕಡೆ ತಿರುಗಿದಳು. "ಪೈಲಟ್ ಸೀಟಲ್ಲಿ ಕೂತ್ಯಾ?"

"ಕೂತೆ ಅಮ್ಮ. ತುಂಬಾ ಚೆನ್ನಾಗಿತ್ತು."

"ಮುಂದಿನ ಸಲ ಹೋಗ್ತೀಯಾ?"

ಮಗಳು ಅಪ್ಪನನ್ನು ಒಂದು ಸಲ ನೋಡಿ, ಗದ್ದ ಸ್ವಲ್ಪ ಮೇಲೆತ್ತಿದಳು. ತಣ್ಣಗೆ ನಕ್ಕಳು.

"ಹೋಗೋಕೆ ಆಸೆ ಅಮ್ಮ. ಆದ್ರೆ ಇನ್ಮೇಲೆ ಭಾನುವಾರ ಸ್ಪೆಷಲ್ ಕ್ಲಾಸು. ಎಲ್ಲಾ ಭಾನುವಾರಾನೂ. ಗಣಿತದ ಟೀಚರ್ ತಪ್ಪಿಸೋ ಹಾಗೇ ಇಲ್ಲ ಅಂದಿದ್ದಾರೆ." ಒಂದು ಗಳಿಗೆ ತಡೆದು ಸೇರಿಸಿದಳು, "ಹಸಿರು ರಟ್ಟಿನ ಪುಸ್ತಕ ತರ್ಬೇಕಂತೆ."

ಹೆಂಡತಿ ತಕ್ಷಣ ನಂಬಿದಳು. ಎಂಥ ಬುದ್ಧಿವಂತೆ ಅವಳು! ಇಡೀ ಸಂಸಾರದಲ್ಲಿ ದಲ್ಲಾಳಿಯ ಒಂದು ಮಾತನ್ನೂ ನಂಬದವಳು! ಈ ಸುಳ್ಳನ್ನು ಹಿಡಿಯಬಲ್ಲವನು ಈ ಭೂಮಿಯ ಮೇಲೆ ಒಬ್ಬನೇ ಇದ್ದ. ಹಿಡಿದರೆ ಕಲಿಸಿದವರು ಯಾರೆಂದು ಹೇಳಬೇಕಾಗುತ್ತಿತ್ತು. ಅವನು ಕಪ್ಪು ಹಿಡಿದುಕೊಂಡು ಹಾಗೇ ನಿಂತ.

"ಬೇಜಾರು ಮಾಡ್ಕೋಬೇಡಿ," ಎಂದಳು ಹೆಂಡತಿ, ಎಷ್ಟೋ ವರ್ಷದ ಮೇಲೆ ಮೊದಲ ಸಲ ಕನಿಕರದಿಂದ. "ಪಾಠದ ವಿಷಯ, ಏನು ಮಾಡೋಕಾಗುತ್ತೆ?"

"ಹೌದು, ಏನು ಮಾಡೋಕಾಗುತ್ತೆ," ಎಂದ ದಲ್ಲಾಳಿ. ಮೆಟ್ಟಿಲಿಳಿದವನು ತಿರುಗಿ ನಿಂತು ಮಗಳ ಮುಖ ನೋಡುತ್ತಲೇ ಹೆಂಡತಿಗೆ ಹೇಳಿದ. "ಪುಸ್ತಕ ಕೊಡಿಸೋದು ಮಾತ್ರ ಮರೀಬೇಡ. ರಟ್ಟು ಹಸಿರೇ ಇರ್ಲಿ."