ಸೊಸೆಯ ಅಲೆಗೆ ಮಾವನ ಶಿಸ್ತು

ಎದುರಿಗಿರುವವರು ತಪ್ಪು ಮಾಡುವಾಗ ಸುಮ್ಮನಿರುವುದು ಒಂದು ಕಲೆ. ಅದು ನನಗೆ ಒಲಿದಿಲ್ಲ. ಹಾಸ್ಟೆಲ್ ವಾರ್ಡನ್ ಆಗಿ ನಿವೃತ್ತನಾದವನು ನಾನು. ಚನ್ನಗಿರಿಯ ನಮ್ಮ ಮನೆಯಲ್ಲಿ ಚಪ್ಪಲಿಗಳು ಕೂಡ ಸಾಲು ತಪ್ಪುವುದಿಲ್ಲ. ಇಂಥ ಮನೆಗೆ ಸೊಸೆಯಾಗಿ ಬಂದ ಸುಮಾ ಪಿಎಚ್.ಡಿ.ಗೆ ಆರಿಸಿಕೊಂಡದ್ದು, ಪ್ಲಾಸ್ಮಾದೊಳಗೆ ಪ್ರಬಲ ವಿದ್ಯುತ್ಕಾಂತೀಯ ಅಲೆಗಳು ಹೇಗೆ ಹದಗೆಡುತ್ತವೆ ಎಂಬ ವಿಷಯ. ಪ್ಲಾಸ್ಮಾ ಎಂದರೆ ವಿಪರೀತ ಕಾದು, ಎಲೆಕ್ಟ್ರಾನುಗಳೆಲ್ಲ ಬಿಡಿಯಾಗಿ ಓಡಾಡುವ ಅನಿಲವಂತೆ. ಪರೀಕ್ಷೆ ಮುಗಿದ ದಿನದ ಹಾಸ್ಟೆಲ್ ಹುಡುಗರು ಎಂದು ನಾನು ಅರ್ಥ ಮಾಡಿಕೊಂಡೆ.

ಪ್ರಬಂಧ ಒಪ್ಪಿಸಿಯಾಗಿತ್ತು; ಮರುದಿನ ಮೌಖಿಕ ಪರೀಕ್ಷೆ, ಮನೆಯಿಂದಲೇ, ಲ್ಯಾಪ್‌ಟಾಪಿನಲ್ಲಿ. ಅವಳು ನನ್ನೆದುರು ಒಮ್ಮೆ ಹೇಳಿ ನೋಡುತ್ತೇನೆಂದಳು. ಶುರು ಚೆನ್ನಾಗಿತ್ತು. ಒಂದು ಕಡೆ ಚೂರು ತಡವರಿಸಿದಳು. "ನೆಟ್ಟಗೆ ನಿಂತ್ಕೊಳ್ಳಮ್ಮ" ಎಂದೆ. ನೆಟ್ಟಗೆ ನಿಂತಳು; ಮಾತು ಇನ್ನೊಂದು ಕಡೆ ಸೊಟ್ಟಗಾಯಿತು. "ಗಟ್ಟಿಯಾಗಿ ಹೇಳು" ಎಂದೆ. ನಾನು ತಿದ್ದಿದಷ್ಟೂ ತಡವರಿಕೆ ಹೆಚ್ಚಿತು, ಹೆಚ್ಚಿದಷ್ಟೂ ನಾನು ತಿದ್ದಿದೆ. ಕೊನೆಗೆ ಅವಳು ಕುರ್ಚಿಯಲ್ಲಿ ಕುಸಿದು, "ನಾಳೆ ನನ್ನ ಕೈಲಿ ಆಗಾಕಿಲ್ಲ ಮಾವಾರೆ" ಎಂದಳು. ಕಣ್ಣು ತುಂಬಿತ್ತು. ಇಷ್ಟು ವರ್ಷದ ಓದು ನನ್ನ ನಡುಮನೆಯಲ್ಲೇ ಮುಳುಗುವಂತಿತ್ತು.

ಅಡುಗೆಮನೆಯಿಂದ ನನ್ನ ಹೆಂಡತಿ ಬಂದಳು. "ರೀ, ಆ ಹುಡುಗೀನ ಮಾತಾಡಾಕೆ ಬಿಡ್ರಿ. ನೀವು ಎದುರಿಗೆ ನಿಂತ್ರೆ ಸಾರಿಗೆ ಉಪ್ಪು ಹಾಕಿದ್ನೋ ಇಲ್ಲೋ ನನಗೇ ಮರ್ತೋಗ್ತೈತೆ." ಆಮೇಲೆ ಸೊಸೆಯ ಪಕ್ಕ ಕುಳಿತು, "ನಿನ್ನ ಅಲೆ ಕೆಡೋದು ಹೆಂಗೆ, ನನಗೆ ಹೇಳು" ಎಂದಳು.

"ಹಿಂಗೇ ಅತ್ತೆ. ಅಲೆ ಮೆಲ್ಲಗಿದ್ರೆ ಪ್ಲಾಸ್ಮಾದೊಳಗೆ ಸುಮ್ನೆ ಹೋಗ್ತೈತೆ. ಜೋರಾಗಿದ್ರೆ ಪ್ಲಾಸ್ಮಾನ ಪಕ್ಕಕ್ಕೆ ತಳ್ತೈತೆ. ತೆಳುವಾದ ಜಾಗಕ್ಕೇ ಇನ್ನಷ್ಟು ಅಲೆ ನುಗ್ತೈತೆ, ಮತ್ತೆ ತಳ್ತೈತೆ. ಕೊನೆಗೆ ತಾನೇ ಚೂರುಚೂರಾಗ್ತೈತೆ."

"ಅದಕ್ಕೆ ಮದ್ದಿಲ್ಲೇನು?"

"ಐತೆ. ಅಲೆ ತೀರಾ ಶಿಸ್ತಾಗಿದ್ರೆ, ಏರಿಳಿತ ಎಲ್ಲಾ ಒಂದೇ ತಾಳಕ್ಕಿದ್ರೆ, ಬೇಗ ಕೆಡ್ತೈತೆ. ಶಿಸ್ತು ಒಂಚೂರು ಸಡಿಲ ಮಾಡಿದ್ರೆ ತಡ್ಕೊಂತೈತೆ."

ಇಷ್ಟನ್ನೂ ಅವಳು ಒಮ್ಮೆಯೂ ತಡವರಿಸದೆ ಹೇಳಿದಳು. ಇಬ್ಬರೂ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಮರುದಿನ ಹೆಂಡತಿಯ ಅಪ್ಪಣೆಯಂತೆ ನಾನು ಸಂತೇಬೆನ್ನೂರಿನ ಸಂತೆಯಲ್ಲಿ ಮನೆಗೆ ಬೇಡದ ಬದನೆಕಾಯಿ ಆರಿಸುತ್ತಿದ್ದೆ. ಫೋನ್ ಬಂತು. "ಮಾವಾರೆ, ಪಾಸಾಯ್ತು" ಎಂದಳು ಸುಮಾ. ಬೆನ್ನು ನೆಟ್ಟಗಿತ್ತೇ ಎಂಬ ಪ್ರಶ್ನೆ ತುಟಿಯವರೆಗೆ ಬಂದಿತ್ತು, ನುಂಗಿಕೊಂಡೆ.

ಅಂದಿನಿಂದ ನಾನೂ ಸಡಿಲವಾಗಲು ತೀರ್ಮಾನಿಸಿದ್ದೇನೆ. ದಿನಾ ಸಂಜೆ ಕಾಫಿಯ ನಂತರ ಕಾಲು ಗಂಟೆ ಶಿಸ್ತಿಲ್ಲದೆ ಇರುವುದೆಂದು ನಿಗದಿಯಾಗಿದೆ. ಇದುವರೆಗೆ ಒಂದು ದಿನವೂ ತಪ್ಪಿಸಿಲ್ಲ.