ಭಂಡಾರ ಬಿದ್ದ ಕೀಲಿ

ಭೀಮಶಿ ದೇವರ ವಿಷಯದಲ್ಲಿ ಕೈ ಬಿಗಿ ಹಿಡಿಯುವವನಲ್ಲ. ಖಂಡೇಪೂಜೆಯ, ಅಂದರೆ ಆಯುಧಪೂಜೆಯ ದಿನ ತನ್ನ ಹಿಟ್ಟಿನ ಗಿರಣಿಗೆ ಭಂಡಾರದ ಅರಿಶಿನ ಎರಚಿ, ಉಳಿದದ್ದನ್ನು ಪಕ್ಕದ ಶ್ರೇಣಿಕನ ಕಂಪ್ಯೂಟರಿಗೂ ಮುಷ್ಟಿ ತುಂಬ ಎರಚಿದ. ಅದರೆದುರಿಗೇ ತೆಂಗಿನಕಾಯಿಯನ್ನೂ ಒಡೆದ. ಅರಿಶಿನ, ಕಾಯಿನೀರು ಕೀಬೋರ್ಡಿನ ಬಲಗಡೆ ಇಳಿದು ಬೆಳಗಾಗುವುದರೊಳಗೆ ಗಾರೆಯಂತೆ ಗಟ್ಟಿಯಾದವು.

ಇದು ಶ್ರೇಣಿಕನಿಗೆ ತಿಳಿದದ್ದು ಮರುದಿನ ಮೂರೂವರೆಗೆ.

ಹುಕ್ಕೇರಿಯಲ್ಲಿ ಮನೆಯ ಮುಂದಿನ ಕೋಣೆಯೇ ಅವನ ಡಿಟಿಪಿ ಅಂಗಡಿ. ಜೈನ ಸಮಾಜದ ವಧು-ವರರ ಪುಸ್ತಕದ ಕೊನೆಯ ಪುಟಗಳು ಅಚ್ಚಿಗೆ ಸಿದ್ಧವಾಗಿದ್ದವು. ಅವನ್ನು ಘಟಪ್ರಭಾದ ಪ್ರೆಸ್ಸಿಗೆ ಒಯ್ಯಲು ನಿವೃತ್ತ ಹೆಡ್ಮಾಸ್ತರ ನೇಮಣ್ಣ ಕಾಕಾ ಬಂದು ಕುಳಿತಿದ್ದರು. ಆ ಪುಟಗಳ ಲಕೋಟೆಯೊಳಗೆ ಶ್ರೇಣಿಕ ತನ್ನ ವಿವರದ್ದೂ ಒಂದು ಹಾಳೆ ಸದ್ದಿಲ್ಲದೆ ಸೇರಿಸಬೇಕಿತ್ತು. ಮುಂದಿನ ಪುಸ್ತಕ ಬರುವುದು ಮೂರು ವರ್ಷಕ್ಕೆ. ಅಲ್ಲಿಯವರೆಗೆ ತಲೆಗೂದಲು ಕಾಯುವ ಲಕ್ಷಣವಿರಲಿಲ್ಲ.

ಹಾಳೆಯನ್ನು ವಿಂಡೋಸಿನಲ್ಲಿ ಇಟ್ಟಿದ್ದರೆ, ಇಸ್ಪೀಟು ಆಡಲು ಬರುವ ಭೀಮಶಿಯಿಂದ ಹಿಡಿದು ಓಣಿಯೆಲ್ಲ ಓದುತ್ತಿತ್ತು. ಅದಕ್ಕೇ ಪತ್ರಿಕೆಯ ಜೊತೆ ಪುಕ್ಕಟೆ ಬಂದ ಸಿಡಿಯಿಂದ ಅದೇ ಕಂಪ್ಯೂಟರಿನಲ್ಲಿ ಲಿನಕ್ಸ್ ಎಂಬ ಇನ್ನೊಂದು ವ್ಯವಸ್ಥೆಯನ್ನೂ ಹಾಕಿ, ಅದರೊಳಗೆ ಬಚ್ಚಿಟ್ಟಿದ್ದ. ಯಂತ್ರ ಚಾಲೂ ಆದಾಗ ಎರಡು ಹೆಸರು ಕಾಣಿಸುತ್ತವೆ. ಹತ್ತು ಸೆಕೆಂಡಿನೊಳಗೆ ಕೆಳಬಾಣದ ಕೀಲಿ ಒತ್ತಿದರೆ ಲಿನಕ್ಸ್, ಸುಮ್ಮನಿದ್ದರೆ ವಿಂಡೋಸ್. ಬಚ್ಚಿಟ್ಟ ಕಾರಣ ಇಷ್ಟೇ: ಹಾಳೆಯಲ್ಲಿ ವಯಸ್ಸು ಮೂವತ್ತು ಎಂದಿತ್ತು. ಎಲ್ಲರೆದುರು ಕೂತು ಅದನ್ನು ವಿಂಡೋಸಿನಲ್ಲಿ ಮತ್ತೆ ಬರೆಯುವ ಧೈರ್ಯವೂ ಅವನಿಗಿರಲಿಲ್ಲ.

ಕೀಲಿ ಒತ್ತಿದ. ಅದು ಕದಲಲಿಲ್ಲ. ವಿಂಡೋಸ್ ಬಂತು. ಮತ್ತೆ ಬಂದ್ ಮಾಡಿ ಚಾಲೂ ಮಾಡಿದ. ಮತ್ತೆ ವಿಂಡೋಸ್.

"ಎಲ್ಲಾ ಪ್ರಿಂಟ್ ಆಗೇತಲ್ಲೋ, ಇನ್ನೇನ್ ಮಾಡಾಕತ್ತಿ?" ನೇಮಣ್ಣ ಕಾಕಾ ಗಡಿಯಾರ ನೋಡಿದರು. "ನಾಕೂವರಿ ಬಸ್ ತಪ್ಪಿದರ ಹೊತ್ತ ಮುಳುಗೂದ್ರಾಗ ನಾ ಮನಿ ಮುಟ್ಟೂದಿಲ್ಲ. ಹೊತ್ತ ಮುಳುಗಿದ ಮ್ಯಾಲ ನಾ ಉಣ್ಣಂಗಿಲ್ಲ. ನನ್ನ ಉಪಾಸ ಮಲಗಸಬ್ಯಾಡ."

"ಎರಡ ಮಿನಿಟ್ರಿ ಕಾಕಾ, ಒಂದ್ ಹಾಳಿ ಉಳದೈತಿ."

ನಾಲ್ಕನೆಯ ಸಲವೂ ವಿಂಡೋಸ್ ಬಂತು. ಶ್ರೇಣಿಕನ ಅಂಗಿ ಬೆನ್ನಿಗೆ ಅಂಟಿತು. ಗಂಟೆ ನಾಲ್ಕು ಹತ್ತು. ಚಹಾ ತಂದ ತಾಯಿ ಕಮಲವ್ವ ಅಲ್ಲೇ ನಿಂತಳು. ಮೈಯೆಲ್ಲ ಹಿಟ್ಟಾಗಿದ್ದ ಭೀಮಶಿಯೂ ಬಂದ.

"ಏನಾತ್ರಿ ಶ್ರೇಣಿಕಣ್ಣಾ?"

"ನಿನ್ನ ಭಂಡಾರ ಆತು! ಈ ಕೀಲಿ ಏಳವಲ್ದು."

"ಅಷ್ಟ ಹೌದಲ್ರಿ? ಆ ಕಡಿ ಸರೀರಿ." ಅವನು ಕಮಲವ್ವನಿಂದ ಪಿನ್ನು ಇಸಿದುಕೊಂಡು ಕೀಲಿಯನ್ನು ಮೀಟಿದ. ಅದು ಚಿಮ್ಮಿ ನೇಮಣ್ಣ ಕಾಕಾರ ಚಹಾದಲ್ಲಿ ಬಿತ್ತು. ಯಾರೂ ಬೇಡವೆನ್ನುವ ಮೊದಲೇ ಕಂಪ್ಯೂಟರನ್ನು ತಾನೇ ಚಾಲೂ ಮಾಡಿ, ಕೀಲಿ ಕಿತ್ತ ಜಾಗದಲ್ಲಿ ಹೆಬ್ಬೆರಳು ಊರಿದ.

ಲಿನಕ್ಸ್ ಬಂತು. ಶ್ರೇಣಿಕನಿಗೆ ಹೋದ ಜೀವ ಬಂದಂತಾಯಿತು. ಅವಸರದಲ್ಲಿ ಗುಪ್ತಪದ ಹೊಡೆದ. ಹಿಂದಿನ ಸಲ ಮುಚ್ಚದೆ ಬಿಟ್ಟದ್ದನ್ನು ಲಿನಕ್ಸ್ ತಾನಾಗಿಯೇ ತೆರೆದಿಡುತ್ತದೆಂಬುದು ನೆನಪಾಗುವುದರೊಳಗೆ ಹಾಳೆ ಪರದೆಯ ತುಂಬ ಹರಡಿಕೊಂಡಿತ್ತು. ನೇಮಣ್ಣ ಕಾಕಾ ಕನ್ನಡಕ ಏರಿಸಿ, ಶಾಲೆಯಲ್ಲಿ ಹಾಜರಿ ಕರೆಯುವ ದನಿಯಲ್ಲಿ ಓದಿದರು.

"ಹೆಸರು, ಶ್ರೇಣಿಕ. ವಯಸ್ಸು, ಮೂವತ್ತು."

"ಮೂವತ್ತ?" ಕಮಲವ್ವ ಮಗನ ಮುಖ ನೋಡಿದಳು. "ಹಂಗಾರ ಮೊದಲಿನ ಆರು ವರ್ಷ ನಾ ಸಾಕಿದ್ದು ಯಾರನ್ನ?"

ಭೀಮಶಿ ನಕ್ಕ ರಭಸಕ್ಕೆ ಮೈಮೇಲಿನ ಹಿಟ್ಟು ಉದುರಿತು. ಶ್ರೇಣಿಕನಿಗೆ ಅಳು ಬರುವಷ್ಟು ನಾಚಿಕೆಯಾಯಿತು. ಆದರೂ ಮಾನ ಹೋದಮೇಲೆ ಹಾಳೆಯಾದರೂ ಹೋಗಲಿ ಎಂದು ಕೈಮುಗಿದ. "ಕಾಕಾ, ಇದನ್ನೂ ಪ್ರೆಸ್ಸಿಗೆ ಕೊಡ್ರಿ. ಈಗ ಪ್ರಿಂಟ್ ತಗದ್ ಕೊಡ್ತೇನಿ."

"ಇದ್ಯಾಕಪಾ ಮತ್ತ?" ಕಾಕಾ ಲಕೋಟೆ ಬಗಲಿಗಿಟ್ಟು ಎದ್ದರು. "ನಿಮ್ಮವ್ವ ಶ್ರಾವಣದಾಗನ ನಿಂದು ನನ್ನ ಕೈಯಾಗ ಕೊಟ್ಟಾಳ. ಮೊದಲನೇ ಪುಟ ನಿನಗ ಕೊಡ್ಲಾರದ ಪ್ರೆಸ್ಸಿನ್ಯಾಗ ಮಾಡಿಸೇನಿ, ಅಚ್ಚೂ ಆಗೇತಿ. ಫೋಟೋ ಐತಿ, ವಯಸ್ಸು ಮೂವತ್ತಾರು ಐತಿ."

"ನೀ ನಾಚ್ಕೋತಿ ಅಂತ ಹೇಳಲಿಲ್ಲೋ ತಮ್ಮಾ," ಎಂದಳು ಕಮಲವ್ವ.

ಕಾಕಾ ಬಸ್ಸಿಗೆ ಓಡಿದರು. ಭೀಮಶಿ ಕುರ್ಚಿ ಎಳೆದುಕೊಂಡು ಹೊಸ ಪರದೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಶ್ರೇಣಿಕಣ್ಣಾ, ಈ ಕಡೀನೂ ಇಸ್ಪೀಟ ಐತೇನ್ರಿ?"

ಇತ್ತು.