ಬೀಗರು ಕಿಸೆಗೆ ಕೈ ಹಾಕದೆ ಪುಣೆ ನೋಡುವ ಬಗ್ಗೆ

ಬೀಗರ ಸಂಚಾರ ವಿಭಾಗ
(ಪುಣೆ ಮತ್ತು ಪಿಂಪ್ರಿ-ಚಿಂಚವಾಡದ ಕನ್ನಡ ಮನೆತನಗಳಿಗೆ ಮಾತ್ರ)

ಸಂಖ್ಯೆ: ಬೀಸಂವಿ/ಕಿಸೆ/ಸುತ್ತೋಲೆ-11/2024-25

ವಿಷಯ: ಐತಿಹಾಸಿಕ ಪುಣೆ ನಗರವನ್ನು ಒಂದು ರೂಪಾಯಿಯೂ ಖರ್ಚಾಗದಂತೆ ಒಂದು ದಿನ ನೋಡಿ ಆನಂದಿಸುವಾಗ ಬೀಗರು ಪಾಲಿಸಬೇಕಾದ ಶಿಸ್ತಿನ ಕುರಿತು.

ಓದಲಾಗಿದೆ:
1. ಶ್ರೀಮತಿ ನೀತಾ ಇವರು ತಮ್ಮ ಮಾವನಿಗೂ ತಂದೆಗೂ ಏಕಕಾಲಕ್ಕೆ ನೀಡಿದ ಮೌಖಿಕ ಎಚ್ಚರಿಕೆ.
2. ಶ್ರೀ ಹೊಳಬಸಪ್ಪ ಇವರ ಅಂಗಿಯ ಹರಿದ ಕಿಸೆ (ಮೂಲಪ್ರತಿ).
3. ವಿಭಾಗದ ಪರಿವೀಕ್ಷಕರು ಇಪ್ಪತ್ತು ಹೆಜ್ಜೆ ಹಿಂದೆ ನಡೆದು ಸಲ್ಲಿಸಿದ ವರದಿ.

ಪ್ರಸ್ತಾವನೆ:

ಚಿಂಚವಾಡದ ನಿವಾಸಿ ಶ್ರೀ ಸಿದ್ರಾಮಪ್ಪ ಇವರು ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಮೂವತ್ತೆರಡು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಪೂಜೆಗೆ ಕೂತರೆ ಪಕ್ಕದಲ್ಲಿ ಗುಡುಗಿದರೂ ಕಣ್ಣು ತೆರೆಯದ ಶಾಂತ ಜೀವ. ಆದರೆ ಅವರ ಎದುರಿಗೆ ಬೀಗರು ಚಹಾದ ದುಡ್ಡು ಕೊಡಲು ಕೈ ಎತ್ತಿದರೆ ಮಾತ್ರ ಆ ಶಾಂತಿ ಉಳಿಯುವುದಿಲ್ಲ. ಮನೆಗೆ ಬಂದ ಬೀಗರ ಕೈಯಿಂದ ರೊಕ್ಕ ಕೊಡಿಸಿದರೆ ಮನೆತನದ ಮರ್ಯಾದೆ ಹೋಯಿತೆಂದು ಅವರ ನಂಬಿಕೆ. ಮಗಳ ಮನೆಯವರಿಂದ ಚಹಾ ಕುಡಿಸಿಕೊಂಡರೆ ತಮ್ಮ ಮರ್ಯಾದೆ ಹೋಯಿತೆಂದು ಅವರ ಸೊಸೆ ನೀತಾಳ ತಂದೆ, ಬೈಲಹೊಂಗಲದ ಶ್ರೀ ಹೊಳಬಸಪ್ಪ ಇವರ ನಂಬಿಕೆ. ಎರಡು ನಂಬಿಕೆಗಳು ಒಂದೇ ಚಹಾದಂಗಡಿಯ ಗಲ್ಲಾದ ಮುಂದೆ ಭೇಟಿಯಾದದ್ದು ಒಂದೂವರೆ ವರ್ಷದ ಹಿಂದೆ. ಒಬ್ಬರು ಇನ್ನೊಬ್ಬರ ಕೈ ಹಿಡಿದು ಎಳೆದರು. ಆ ಎಳೆದಾಟದಲ್ಲಿ ಹೊಳಬಸಪ್ಪನವರ ಕಿಸೆ ಅಂಗಿಯಿಂದ ಮುಕ್ಕಾಲು ಭಾಗ ಬೇರ್ಪಟ್ಟಿತು.

"ನಮ್ಮ ರೊಕ್ಕ ರೊಕ್ಕ ಅಲ್ಲೇನ್ರಿ?" ಎಂದು ಕೇಳಿ ಅವರು ಅದೇ ಸಂಜೆ ಬಸ್ಸು ಹತ್ತಿದರು. ಅಂದಿನಿಂದ ನೀತಾ ತವರಿಗೆ ಒಬ್ಬಳೇ ಹೋಗುವುದು, ಒಬ್ಬಳೇ ಬರುವುದು. ತಂದೆ ಅವಳ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ಈಗ ಮೊಮ್ಮಗಳು ಮುಕ್ತಾಳ ಕಿವಿ ಚುಚ್ಚಿಸುವ ನೆಪದಿಂದ ಅವರು ಬಂದಿದ್ದಾರೆ. ಅದೇ ಅಂಗಿ ತೊಟ್ಟು ಬಂದಿದ್ದಾರೆ. ಕಿಸೆ ಇನ್ನೂ ಜೋತಾಡುತ್ತಲೇ ಇದೆ. ಅದನ್ನು ನೋಡಿದ ನೀತಾ ಸೋಮವಾರ ಬೆಳಿಗ್ಗೆ ಇಬ್ಬರ ಪಾಕೀಟುಗಳನ್ನೂ ಕಪಾಟಿನಲ್ಲಿಟ್ಟು ಬೀಗ ಹಾಕಿ, ಇಬ್ಬರ ಮೊಬೈಲಿನಿಂದಲೂ ರೊಕ್ಕ ಕಳಿಸುವ ಆ್ಯಪ್ ತೆಗೆದುಹಾಕಿ, ಈ ಕೆಳಕಂಡ ಎಚ್ಚರಿಕೆಯನ್ನು ಜಾರಿ ಮಾಡಿದಳು:

"ಇವತ್ತ ಇಬ್ಬರೂ ಕೂಡಿ ಪುಣೆ ನೋಡಕೊಂಡ ಬರ್ರಿ. ಒಂದ ರೂಪಾಯಿ ಖರ್ಚ ಆಗಬಾರದು. ಯಾರದರ ಕೈ ಕಿಸೇದಾಗ ಹೋತಂದ್ರ, ಇನ್ನ ಮ್ಯಾಲ ನಿಮ್ಮಿಬ್ಬರನ್ನ ಒಂದ ಮನ್ಯಾಗ ಕೂಡಸೂದಿಲ್ಲ ನಾನು. ಕಡೀ ಮಾತು."

ಆ ದಿನದ ಅನುಭವವನ್ನು ಪರಿಶೀಲಿಸಲಾಗಿ, ಎಲ್ಲ ಬೀಗರ ಹಿತದೃಷ್ಟಿಯಿಂದ ಕೆಳಗಿನ ನಿಯಮಗಳನ್ನು ಜಾರಿಗೊಳಿಸಲಾಗಿದೆ.

1. ಪ್ರಯಾಣ: ನಗರದವರೆಗೆ ಬೀಗರನ್ನು ಮನೆಯ ವಾಹನದಲ್ಲೇ ಸಾಗಿಸತಕ್ಕದ್ದು. ಪ್ರಸ್ತುತ ಪ್ರಕರಣದಲ್ಲಿ ಸಿದ್ರಾಮಪ್ಪನವರ ಮಗ ಸ್ವಪ್ನಿಲ್ ಖರಾಡಿಯ ಆಫೀಸಿಗೆ ಹೋಗುವ ಮುನ್ನ ಇಬ್ಬರನ್ನೂ ಕಾರಿನಲ್ಲಿ ತಂದು ಪೇಶ್ವೆಗಳ ಶನಿವಾರವಾಡೆಯ ಮುಂದೆ ಇಳಿಸಿದ್ದಾರೆ. ಪೆಟ್ರೋಲು ಖರ್ಚಿನ ವ್ಯಾಖ್ಯೆಗೆ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಹೊಳಬಸಪ್ಪನವರು ಕಾರಿನಲ್ಲೇ ಎತ್ತಿದ್ದು, ವಿಭಾಗವು ಅದನ್ನು ಕೇಳಿಸಿಕೊಂಡಿರುವುದಿಲ್ಲ.

2. ಕೋಟೆ-ವಾಡೆಗಳು: ಟಿಕೆಟ್ ಇರುವ ಸ್ಥಳಗಳನ್ನು ಹೊರಗಿನಿಂದಲೇ ನೋಡತಕ್ಕದ್ದು. ಬಾಗಿಲಿನ ಮೇಲಿರುವ, ಆನೆಗಳನ್ನು ತಡೆಯುವ ಮೊಳೆಗಳನ್ನು ಎಣಿಸುವುದಕ್ಕೆ ಶುಲ್ಕವಿಲ್ಲ. ಒಳಗೆ ಏನಿದೆ ಎಂದು ಬೀಗರು ಕೇಳಿದರೆ ಸಿದ್ರಾಮಪ್ಪನವರು ಉತ್ತರಿಸಿದಂತೆ ಉತ್ತರಿಸತಕ್ಕದ್ದು: "ಒಳಗ ಏನೂ ಉಳದಿಲ್ರಿ, ಎಲ್ಲಾ ಸುಟ್ಟ ಹೋಗ್ಯಾದ. ಗ್ವಾಡಿ ಹೊರಗಿಂದನ ಚಂದ."

"ನೀವು ಒಳಗ ಹೋಗೀರೇನು?"

ಪುಣೆಯಲ್ಲಿ ಕಳೆದ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೋಗಿಲ್ಲವೆಂಬುದು ಸಿದ್ರಾಮಪ್ಪನವರಿಗೆ ಆಗ ನೆನಪಾಯಿತು. ಇಂಥ ಸಂದರ್ಭದಲ್ಲಿ ಪಾರಿವಾಳಗಳ ಕಡೆ ಬೆರಳು ತೋರಿಸಲು ಅನುಮತಿ ನೀಡಲಾಗಿದೆ.

3. ದೇವಸ್ಥಾನಗಳು: ಕಸಬಾ ಗಣಪತಿಯ ಮುಂದೆ ಆರತಿ ತಟ್ಟೆ ಬಂದಾಗ ಇಬ್ಬರು ಹಿರಿಯರೂ ಅಭ್ಯಾಸದಂತೆ ಕಿಸೆಯತ್ತ ಕೈ ಒಯ್ದು, ಅರ್ಧಕ್ಕೇ ನಿಲ್ಲಿಸಿ, ಅದೇ ಕೈಗಳನ್ನು ಮೇಲೆತ್ತಿ ಮುಗಿದಿರುತ್ತಾರೆ. ಅರ್ಧಕ್ಕೆ ನಿಂತ ಕೈ ಮುಗಿದರೂ ಅದು ಪೂರ್ಣ ನಮಸ್ಕಾರವೇ ಎಂದು ಈ ಮೂಲಕ ದೃಢೀಕರಿಸಲಾಗಿದೆ. ಈ ಬಗ್ಗೆ ದೇವರ ಕಡೆಯಿಂದ ಯಾವುದೇ ಆಕ್ಷೇಪಣೆ ಸ್ವೀಕೃತವಾಗಿಲ್ಲ.

4. ರುಚಿ ನೋಡುವುದು: ಲಕ್ಷ್ಮೀ ರಸ್ತೆಯ ಅಂಗಡಿಗಳಲ್ಲಿ ಪುಣೆಯ ಖಾರದ ತಿಂಡಿ ಬಾಕರವಡಿಯ ಚೂರು ರುಚಿಗೆ ಸಿಕ್ಕಲ್ಲಿ ತಲಾ ಒಂದನ್ನು ಸ್ವೀಕರಿಸಬಹುದು. ಸ್ವೀಕರಿಸಿದ ನಂತರ ಏಳು ಸೆಕೆಂಡುಗಳ ಕಾಲ ಎರಡು ಕಿಲೋ ಕೊಳ್ಳುವವರಂತೆ ಮುಖ ಮಾಡತಕ್ಕದ್ದು. ಎಂಟನೆಯ ಸೆಕೆಂಡಿನಲ್ಲಿ "ಮನ್ಯಾಗ ಕೇಳಕೊಂಡ ಬರತೀವಿ" ಎಂದು ಹೇಳಿ ಹೊರಬರತಕ್ಕದ್ದು. ಒಂದೇ ಅಂಗಡಿಗೆ ಟೋಪಿ ಬದಲಿಸಿ ಎರಡನೆಯ ಬಾರಿ ಹೋಗುವುದನ್ನು ನಿಷೇಧಿಸಲಾಗಿದೆ. (ಹೊಳಬಸಪ್ಪನವರ ಟೋಪಿ ಧರಿಸಿ ಹೋದ ಸಿದ್ರಾಮಪ್ಪನವರನ್ನು ಈ ಬಾರಿಗೆ ಕ್ಷಮಿಸಲಾಗಿದೆ.)

5. ಮಧ್ಯಾಹ್ನ ಒಂದರಿಂದ ನಾಲ್ಕು: ಪೇಟೆಯ ಹಳೆಯ ಅಂಗಡಿಗಳವರು ಬಾಗಿಲು ಹಾಕಿ ಮಲಗುವ ಈ ಮೂರು ತಾಸು ಕಿಸೆಗೆ ಯಾವ ಅಪಾಯವೂ ಇಲ್ಲದ ಅವಧಿಯೆಂದು ಘೋಷಿಸಲಾಗಿದೆ. ನಗರದ ಈ ಸಹಕಾರಕ್ಕೆ ವಿಭಾಗವು ಆಭಾರಿಯಾಗಿದೆ. ಸದರಿ ಅವಧಿಯಲ್ಲಿ ಮನೆಯ ಯಜಮಾನಿ ಶ್ರೀಮತಿ ಶಿವಗಂಗವ್ವನವರು ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯವನ್ನು ನೆರಳಿರುವಲ್ಲಿ ಕುಳಿತು ಉಣ್ಣತಕ್ಕದ್ದು. "ನೀವ ತಗೋರಿ, ನೀವ ತಗೋರಿ" ಎಂದು ಕಡೆಯ ರೊಟ್ಟಿಯನ್ನು ಆರು ಬಾರಿಗಿಂತ ಹೆಚ್ಚು ಅತ್ತಿತ್ತ ದೂಡತಕ್ಕದ್ದಲ್ಲ. ಏಳನೆಯ ಬಾರಿಗೆ ಅದು ಕಾಗೆಗೆ ಸೇರುತ್ತದೆ. ಈ ಬಾರಿ ಸೇರಿದೆ.

6. ಪಾದರಕ್ಷೆ: ನಿಯಮಗಳು ಇಲ್ಲಿಯವರೆಗೆ ಸುಗಮವಾಗಿ ನಡೆದಿದ್ದವು.

ಹೊಳೆಯ ಸೇತುವೆ ದಾಟಿ ಇಬ್ಬರೂ ಪಾತಾಳೇಶ್ವರಕ್ಕೆ ಹೋದರು. ನೆಲದೊಳಗೇ ಕೊರೆದ ಗುಡಿ, ದುಂಡು ಮಂಟಪದಲ್ಲಿ ಕೂತ ಬಸವಣ್ಣ. ಹೊರಗೆ ಬಸ್ಸುಗಳ ಗದ್ದಲವಿದ್ದರೂ ಒಳಗಿನ ಕಲ್ಲು ತಂಪಾಗಿ ಸುಮ್ಮನಿತ್ತು. ಲಿಂಗದ ಮುಂದೆ ಇಬ್ಬರೂ ಒಂದು ಗಂಟೆ ಕಣ್ಣು ಮುಚ್ಚಿ ಕೂತರು. ಕಣ್ಣು ತೆರೆದಾಗ ಸಿದ್ರಾಮಪ್ಪನವರಿಗೆ ಪಕ್ಕದಲ್ಲಿ ಜೋತಾಡುವ ಕಿಸೆ ಕಂಡಿತು. ಅದನ್ನು ಹರಿದದ್ದು ತಮ್ಮ ಕೈ. ಒಂದೂವರೆ ವರ್ಷದಲ್ಲಿ ಒಂದು ಮಾತು ಕೇಳಬೇಕಾಗಿತ್ತು, ಕೇಳಿರಲಿಲ್ಲ. ಈಗ ಕೇಳೋಣವೆಂದು ಬಾಯಿ ತೆರೆದರು. ಅಷ್ಟರಲ್ಲಿ ಹೊಳಬಸಪ್ಪನವರು ಎದ್ದು ಹೊರಟೇಬಿಟ್ಟರು. ಗೇಟಿನ ಹೊರಗೆ ನಾಲ್ಕು ಹೆಜ್ಜೆ ಇಟ್ಟಿದ್ದರೋ ಇಲ್ಲವೋ, ಅವರ ಚಪ್ಪಲಿಯ ಉಂಗುಟ ಕಿತ್ತುಹೋಯಿತು.

ಬೀಗರನ್ನು ಬರಿಗಾಲಲ್ಲಿ ನಡೆಸುವ ಹಾಗಿಲ್ಲ. ಬೀಗರ ಚಪ್ಪಲಿ ಮೆಟ್ಟುವ ಹಾಗೂ ಇಲ್ಲ. ರಸ್ತೆಬದಿಯ ಮರದ ಕೆಳಗೆ ಒಬ್ಬರು ಚಪ್ಪಲಿ ಹೊಲಿಯುತ್ತ ಕೂತಿದ್ದರು. ಅವರು ಎರಡು ನಿಮಿಷದಲ್ಲಿ ಹೊಲಿದುಕೊಟ್ಟರು. ಸಿದ್ರಾಮಪ್ಪನವರು "ಕಿತಿ ಝಾಲೆ, ದಾದಾ?" ಎಂದು ಮರಾಠಿಯಲ್ಲಿ ಕೂಲಿ ಎಷ್ಟಾಯಿತೆಂದು ಕೇಳುತ್ತಲೇ ಮೊಬೈಲಿನ ಹಿಂದಿನ ಕವರು ಬಿಚ್ಚಿ ಮಡಚಿಟ್ಟ ಐವತ್ತರ ನೋಟು ತೆಗೆದರು. ಅದೇ ಗಳಿಗೆಗೆ ಹೊಳಬಸಪ್ಪನವರ ಟೋಪಿಯ ಮಡಿಕೆಯಿಂದ ಇನ್ನೊಂದು ಐವತ್ತು ಹೊರಬಂತು.

"ಬೀಗರ, ಕೈ ತಗೀರಿ."

"ಚಪ್ಪಲಿ ನಂದ್ರಿ!"

"ಊರು ನಮ್ದು! ನೀವು ಇಟಗೋರಿ ಅದನ್ನ."

"ಮತ್ತ ಟೋಪಿ ಹರೀತೀರೇನು ಈ ಸಲ?"

ನೀತಾಳ ಕಡೀ ಮಾತು ಇಬ್ಬರಿಗೂ ಮರೆತಿತ್ತು. ಹೊಲಿಯುವವರು ತಲೆ ಎತ್ತಿ ಇಬ್ಬರನ್ನೂ ಬಾಯಿ ತೆರೆದು ನೋಡುತ್ತಿದ್ದರು. ಆಮೇಲೆ ಅಚ್ಚಗನ್ನಡದಲ್ಲಿ ಕೇಳಿದರು: "ಯಾವೂರ್ರಿ ಯಜಮಾನ್ರ?"

ಜಗಳ ಅಲ್ಲಿಗೆ ನಿಂತಿತು. ಅವರ ಹೆಸರು ತಾಯಪ್ಪ, ಊರು ಇಂಡಿ, ಪುಣೆಗೆ ಬಂದು ಇಪ್ಪತ್ತು ವರ್ಷ. ಎರಡು ನೋಟುಗಳನ್ನೂ ಅವರು ಹಿಂದಕ್ಕೆ ದೂಡಿದರು. "ಇಟಗೋರಿ. ದಿನಾ ಮರಾಠಿ ಕೇಳಿ ಕೇಳಿ ಕಿವಿ ಬ್ಯಾರೇನ ಆಗಿದ್ವು. ನಮ್ಮ ಮಾತಿನ್ಯಾಗ ಇಷ್ಟ ಚಂದ ಜಗಳಾಡಿದ್ರಲ್ಲ, ನನಗ ಅದ ಕೂಲಿ."

"ಹಂಗಂದ್ರ ಹೆಂಗ? ದುಡದೀರಿ, ತಗೋಬೇಕು," ಎಂದರು ಸಿದ್ರಾಮಪ್ಪ.

"ಬೀಗರು ಹೇಳೂದು ಖರೇ ಅದ, ತಗೋರಿ," ಎಂದರು ಹೊಳಬಸಪ್ಪ.

ಇಬ್ಬರೂ ಒಂದೇ ಪಕ್ಷದಲ್ಲಿ ನಿಂತದ್ದು ವಿಭಾಗದ ದಾಖಲೆಯಲ್ಲಿ ಇದೇ ಮೊದಲು. ಕಾಲು ಗಂಟೆ ಇಬ್ಬರೂ ಕೂಡಿ ವಾದಿಸಿದರು, ಗದರಿಸಿದರು, ಬೇಡಿಕೊಂಡರು. ತಾಯಪ್ಪ ಸೋಲಲಿಲ್ಲ. "ಭಾಳ ಮೊಂಡ ಮನಷ್ಯಾ!" ಎಂದು ಬೈಯುತ್ತ, ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈ ಹಾಕಿಕೊಂಡು ಬೀಗರಿಬ್ಬರೂ ಅಲ್ಲಿಂದ ಹೊರಟರು. ಹಾದಿಯಲ್ಲಿ ಸಿದ್ರಾಮಪ್ಪ ಮೆಲ್ಲಗೆ ಕೇಳಿದರು: "ಕಿಸೆ ಹರದದ್ದು ನಂದ ತಪ್ಪು. ಸಿಟ್ಟ ಅದ ಏನ್ರಿ ಇನ್ನೂ?"

"ಇದ್ದಿದ್ರ ಇದ ಅಂಗಿ ಯಾಕ ಹಾಕ್ಕೊಂಡ ಬರತಿದ್ದೆ? ನೀವು ಕೇಳ್ಲಿ ಅಂತ ಹಾಕ್ಕೊಂಡ ಬಂದೀನಿ."

ಆದುದರಿಂದ, ಇನ್ನು ಮುಂದೆ ಇಬ್ಬರು ಬೀಗರ ಪ್ರತಿ ಸಂಚಾರದಲ್ಲಿ ರೊಕ್ಕ ಮುಟ್ಟದ ಮೂರನೆಯವರೊಬ್ಬರು ಕಡ್ಡಾಯವಾಗಿ ಎದುರಾಗತಕ್ಕದ್ದು. ಸಿಗದಿದ್ದಲ್ಲಿ ಸಿಗುವವರೆಗೆ ನಡೆಯತಕ್ಕದ್ದು.

7. ಶಿಸ್ತು ಕ್ರಮ: ನೋಟುಗಳು ಹೊರಬಂದದ್ದು ನಿಜ, ಆದರೆ ಖರ್ಚಾಗಿಲ್ಲ. ಮೊಬೈಲಿನ ಕವರು ಮತ್ತು ಟೋಪಿಯ ಮಡಿಕೆ ಕಿಸೆಯೆನಿಸುವುದಿಲ್ಲವೆಂಬ ಇಬ್ಬರ ಜಂಟಿ ಹೇಳಿಕೆಯನ್ನು ಶ್ರೀಮತಿ ನೀತಾ ಅವರು ಐದು ನಿಮಿಷ ನಕ್ಕು, ಅಂಗೀಕರಿಸಿರುತ್ತಾರೆ.

8. ಸಮಾರೋಪ: ಬುಧವಾರ ಮುಕ್ತಾಳ ಕಿವಿ ಚುಚ್ಚಿಸಿದ ಮೇಲೆ ಎಲ್ಲರೂ ಸ್ವಾರಗೇಟ ಬಸ್ ನಿಲ್ದಾಣಕ್ಕೆ ಬಂದರು. ಪಾಕೀಟುಗಳನ್ನು ಹಿಂದಿರುಗಿಸಲಾಗಿತ್ತು. ಚಹಾ ಬಂತು. ಎಲ್ಲರೂ ಇಬ್ಬರ ಕೈಗಳನ್ನೇ ನೋಡಿದರು. ಹೊಳಬಸಪ್ಪನವರು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು.

"ಈ ಸಲ ನೀವ ಕೊಡ್ರಿ ಬೀಗರ. ಮುಂದಿನ ಸಲ ಬಂದಾಗ ನಂದು."

ನೀತಾ ಎದ್ದುಹೋಗಿ, ಬೆನ್ನು ತಿರುಗಿಸಿ ನಿಂತು, ಗೋಡೆಯ ಮೇಲಿದ್ದ ಬಸ್ಸಿನ ವೇಳಾಪಟ್ಟಿಯನ್ನು ಬಹಳ ಹೊತ್ತು ಓದಿದಳು. ಆ ಗೋಡೆಯ ಮೇಲೆ ವೇಳಾಪಟ್ಟಿ ಇರಲಿಲ್ಲವೆಂದು ಪರಿವೀಕ್ಷಕರು ವರದಿ ಮಾಡಿದ್ದಾರೆ.

"ಮುಂದಿನ ಸಲ" ಎಂಬ ಪದಗಳನ್ನು ಖಾಯಂ ದಾಖಲೆಗೆ ತೆಗೆದುಕೊಂಡು, ಕಡತವನ್ನು ಮುಚ್ಚದೆ ಇಡಲಾಗಿದೆ.

ಸಹಿ/-
ಪ್ರಭಾರಿ ಅಧಿಕಾರಿ
ಬೀಗರ ಸಂಚಾರ ವಿಭಾಗ
(ಸ್ವಂತ ಬೀಗರು ಬಂದಿರುವ ಕಾರಣ ಮೂರು ದಿನ ರಜೆಯ ಮೇಲೆ)

ಪ್ರತಿಗಳು:
1. ಶ್ರೀಮತಿ ಶಿವಗಂಗವ್ವ, ಚಿಂಚವಾಡ: ಮಂಗಳವಾರ ಕಿಸೆ ಹೊಲಿದುಕೊಟ್ಟ ಬಗ್ಗೆ ಮೆಚ್ಚುಗೆಯೊಂದಿಗೆ. ದಾರ ಬೇರೆ ಬಣ್ಣದ್ದಾಗಿರುವುದನ್ನು ಗಮನಿಸಲಾಗಿದೆ.
2. ಶ್ರೀ ಸ್ವಪ್ನಿಲ್: ಪೆಟ್ರೋಲಿನ ವಿಷಯ ಎಲ್ಲಿಯೂ ಎತ್ತದಿರುವ ಸೂಚನೆಯೊಂದಿಗೆ.
3. ಕಡೆಯ ರೊಟ್ಟಿ ತಿಂದ ಕಾಗೆ: ಮಾಹಿತಿಗಾಗಿ.
4. ಬಸವಣ್ಣ, ದುಂಡು ಮಂಟಪ, ಪಾತಾಳೇಶ್ವರ: ಎಲ್ಲವನ್ನೂ ಕಂಡವರು. ಉತ್ತರ ನಿರೀಕ್ಷಿಸಿಲ್ಲ.
5. ಶ್ರೀ ತಾಯಪ್ಪ, ಮರದ ಕೆಳಗೆ: ಅಂಚೆಯಲ್ಲಿ ಕಳಿಸತಕ್ಕದ್ದಲ್ಲ. ಬೀಗರಿಬ್ಬರೂ ಮುಂದಿನ ಸಲ ಖುದ್ದಾಗಿ ಹೋಗಿ, ಎದುರಿಗೆ ನಿಂತು, ಜಗಳದ ದನಿಯಲ್ಲಿ ಗಟ್ಟಿಯಾಗಿ ಓದಿ ಹೇಳತಕ್ಕದ್ದು.